ಗಡಸು ನೀರಿನ ಕತಿ: ಸೀಗಿಕಾಯಿಂದ ಸಾಫ್ಟನರ್ ತನಕ

"ಮನಿಗೆ ವಾಟರ್ ಸಾಫ್ಟನರ್ ಹಾಕಸ್ಬೇಕಂತ ಮಾಡೇವ್ರಿ, ಯಾವುದು ಚಲೋ?" ಅಂತ ನಮ್ಮ ಓಣ್ಯಾಗ ಈ ಬ್ಯಾಸಗಿಗೆ ಮೂರ್ನಾಕು ಮಂದಿ ಕೇಳಿದ್ರು. ಕಂಪನಿ ಹೆಸರು ನೋಡೂದು ಆಮ್ಯಾಲೆ. ಮೊದಲ ಈ ಮಶೀನು ಯಾಕ ಬಂತು, ಹೆಂಗ ಬಂತು ಅನ್ನೂದು ತಿಳಕೊಂಡ್ರ ಆರಿಸೂದು ಹಗುರ ಆಗ್ತೈತಿ. ಹಂಗಾಗಿ ಈ ಸಲ ಅಡಿಗಿ ಬಿಟ್ಟು ನೀರಿನ ಇತಿಹಾಸ.

ನಮ್ಮ ಅಜ್ಜಿ ಕಾಲದವರು ನೀರನ್ನ ಬದಲಿ ಮಾಡ್ತಿರಲಿಲ್ಲ, ಆರಿಸ್ತಿದ್ರು. ಊರಾಗ ಎರಡು ಬಾವಿ ಇದ್ರ ಒಂದು ಸಿಹಿನೀರಿಂದು, ಒಂದು ಬಳಕಿಗೆ. ಬ್ಯಾಳಿ ಬೇಸಾಕ, ಕುಡ್ಯಾಕ ಸಿಹಿನೀರು ದೂರಿಂದ ಹೊತ್ತು ತರೂದು. ಭಾಂಡೆ, ಬಚ್ಚಲಕ್ಕ ಹತ್ತರದ ಬಾವಿ. ಗಡಸು ನೀರಾಗ ಬ್ಯಾಳಿ ಲಗೂನ ಬೇಯಂಗಿಲ್ಲ, ಯಾಕಂದ್ರ ನೀರಿನಾಗಿನ ಸುಣ್ಣದ ಅಂಶ, ಅಂದ್ರ ಕ್ಯಾಲ್ಸಿಯಂ, ಬ್ಯಾಳಿಯ ಸಿಪ್ಪಿ-ತಿರುಳನ್ನ ಬಿಗಿ ಹಿಡೀತೈತಿ. ತಲಿಗೆ ಸೀಗಿಕಾಯಿ, ಬಟ್ಟಿಗೆ ಅಂಟವಾಳಕಾಯಿ. ಇವುಗಳ ನೊರಿ ಗಡಸು ನೀರಿಗೆ ಅಷ್ಟು ಹೆದರಂಗಿಲ್ಲ. ಅದಕ್ಕ "ನೊರಿ ಬರವಲ್ದು" ಅನ್ನೂ ಗೋಳು ಅವಾಗ ಕಡಿಮಿ.

ಗೋಳು ಸುರು ಆಗಿದ್ದು ಸಾಬೂನು ಬಂದ ಮ್ಯಾಲೆ. ಮೈಸೂರು ಸ್ಯಾಂಡಲ್ ಸಾಬೂನು 1918ರಾಗ ಬಂತು. ಸಾಬೂನು ಗಡಸು ನೀರಿಗೆ ಬಿತ್ತಂದ್ರ ಮೊದಲ ಕ್ಯಾಲ್ಸಿಯಂ ಕೂಡ ಸೇರಿ ಬಿಳಿ ಜಿಗಟು ಆಗ್ತೈತಿ. ಅದೆಲ್ಲಾ ಮುಗದ ಮ್ಯಾಲೆನ ನೊರಿ. ಬಕೀಟಿನ ಅಂಚಿಗೆ ಹತ್ತೂ ಆ ಜಿಗಟು ನಾವು ಕಾಸು ಕೊಟ್ಟು ತಂದ ಸಾಬೂನ! ಮುಂದ 1959ರಾಗ ಸರ್ಫ್, 1969ರಾಗ ನಿರ್ಮಾ ಬಂದು ಬಟ್ಟಿ ತೊಳಿಯೂದು ಸುಧಾರಿಸ್ತು. ಪುಡಿಯೊಳಗನ ನೀರು ಮೆತ್ತಗ ಮಾಡೂ ಸೋಡಾದಂಥಾ ಸಾಮಾನು ಹಾಕಿರ್ತಾರ.

ಆದ್ರ ಅಷ್ಟೊತ್ತಿಗೆ ನೀರ ಬದಲಾತು. 1970ರ ದಶಕದಿಂದ ಊರೂರಿಗೆ ಬೋರಿಂಗ್ ಬಂದ್ವು. ಬಾವಿ ನೀರು ಮ್ಯಾಲಿನ ಮಣ್ಣಿಂದು. ಬೋರಿನ ನೀರು ಆಳದ ಕಲ್ಲಿನ ಸಂದ್ಯಾಗ ವರ್ಷಗಟ್ಟಲೆ ಕುಂತದ್ದು, ಕಲ್ಲಿನ ಖನಿಜ ಕರಗಿಸಿಕೊಂಡ ಬರ್ತೈತಿ. ಈಗ ಬಡಾವಣಿ ಮನ್ಯಾಗ ಒಂದ ಬೋರು, ಅದ ನೀರು ಗೀಜರಿಗೆ, ವಾಷಿಂಗ್ ಮಶೀನಿಗೆ, ತಲಿಗೆ, ಬ್ಯಾಳಿಗೆ. ಆರಿಸೂ ಅವಕಾಶನ ಹೋತು. ಅದಕ್ಕ ಮಶೀನು ಬೇಕಾತು.

ಆ ಮಶೀನಿನ ಬೇರು ಇರೂದು ಹೊಲದಾಗ. 1841ರಾಗ ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಅನ್ನೂ ಪ್ರಾಧ್ಯಾಪಕರು ಸುಣ್ಣ ಹಾಕೇ ಸುಣ್ಣ ತಗಿಯೂ ಉಪಾಯಕ್ಕ ಪೇಟೆಂಟ್ ಪಡದ್ರು. ಅದು ಊರಿನ ದೊಡ್ಡ ತೊಟ್ಟಿಗೆ ಸರಿ, ಮನಿಗಲ್ಲ. ಇಂಗ್ಲೆಂಡಿನ ಥಾಂಪ್ಸನ್ ಅನ್ನೂ ರೈತಾಪಿ ಮನುಷ್ಯಾ ಮಣ್ಣಿನ ಮ್ಯಾಲೆ ಅಮೋನಿಯಂ ಗೊಬ್ಬರದ ನೀರು ಸುರುವಿ ನೋಡಿದಾ. ಕೆಳಗ ಇಳದ ನೀರಾಗ ಅಮೋನಿಯಾ ಇಲ್ಲ, ಕ್ಯಾಲ್ಸಿಯಂ ಐತಿ! ಮಣ್ಣು ಒಂದನ್ನ ಇಟಗೊಂಡು ಇನ್ನೊಂದನ್ನ ಬಿಟ್ಟಿತ್ತು. 1850ರಾಗ ಇದು ಅಚ್ಚಾತು, ಥಾಮಸ್ ವೇ ಅನ್ನೂ ರಸಾಯನಶಾಸ್ತ್ರಜ್ಞರು ಅದನ್ನ ವಿವರಿಸಿದ್ರು. ಐವತ್ತೈದು ವರ್ಷ ಆದ ಮ್ಯಾಲೆ, 1905ರ ಸುಮಾರಿಗೆ, ಜರ್ಮನಿಯ ರಾಬರ್ಟ್ ಗಾನ್ಸ್ ಇದನ್ನ ನೀರು ಮೆತ್ತಗ ಮಾಡಾಕ ಬಳಸಿದ್ರು. 1935ರಾಗ ಇಂಗ್ಲೆಂಡಿನ ಆಡಮ್ಸ್, ಹೋಮ್ಸ್ ಇಬ್ಬರೂ ಕೃತಕ ರಾಳ, ಅಂದ್ರ ರೆಸಿನ್, ಮಾಡಿದ್ರು. ಇವತ್ತಿನ ಸಾಫ್ಟನರ್ ಸಿಲಿಂಡರಿನಾಗ ಇರೂ ಸಾಸಿವಿಕಾಳಿನಂಥಾ ಹರಳು ಅದರ ಮುಂದಿನ ಪೀಳಿಗಿ.

ಅಂದ್ರ ಸಾಫ್ಟನರ್ ಸೋಸೂ ಮಶೀನಲ್ಲ, ವಿನಿಮಯದ ಮಶೀನು. ಕ್ಯಾಲ್ಸಿಯಂ, ಮೆಗ್ನೀಸಿಯಂ ಇಟಗೊಂಡು ಸೋಡಿಯಂ ಕೊಡ್ತೈತಿ. ಹರಳು ತುಂಬಿದ ಮ್ಯಾಲೆ ಉಪ್ಪಿನ ನೀರು ಹಾಯಿಸಿ ತೊಳಿಬೇಕು. ನಮ್ಮ ಮಂದಿ ಗಡಸು ನೀರಿಗೂ ಸವಳು ನೀರಿಗೂ ಒಂದ ಮಾತು ಅಂತಾರ, ಮೋಸ ಆಗೂದು ಅಲ್ಲೇ. ಸವಳು ಅಂದ್ರ ಉಪ್ಪುಪ್ಪು. ಅದು ಸಾಫ್ಟನರಿನಿಂದ ಹೋಗಂಗಿಲ್ಲ. ಟಿಡಿಎಸ್ ಇಳಿಯಂಗಿಲ್ಲ, ಫ್ಲೋರೈಡೂ ಹೋಗಂಗಿಲ್ಲ.

ನಮ್ಮ ನಾದಿನಿ ಮನಿಗೆ ಮಾರಾಕ ಬಂದ ಹುಡುಗ "ಎಲ್ಲಾ ನಳಕ್ಕೂ ಹಾಕಸ್ರಿ, ಕುಡ್ಯಾಕೂ ನಡೀತೈತಿ" ಅಂದಿದ್ದಾ. ಅವರ ಮಾವನವರಿಗೆ ಬಿಪಿ, ಡಾಕ್ಟರು ಉಪ್ಪು ಕಡಿಮಿ ಮಾಡ್ರಿ ಅಂದಾರ. ಲೆಕ್ಕಾ ಹಾಕ್ರಿ: ಗಡಸುತನ ಲೀಟರಿಗೆ 500 ಮಿಲಿಗ್ರಾಂ ಇದ್ರ, ಮೆತ್ತಗಾದ ನೀರಾಗ ಲೀಟರಿಗೆ ಸುಮಾರು 230 ಮಿಲಿಗ್ರಾಂ ಸೋಡಿಯಂ ಹೆಚ್ಚಿಗಿ. ಮೂರು ಲೀಟರ್ ಕುಡದ್ರ ಸುಮಾರು 700. ದಿನಕ್ಕ 2,000ದ ಒಳಗ ಇರ್ಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತೈತಿ. ಊಟದ ಉಪ್ಪು ಬ್ಯಾರೆ! ನಾದಿನಿ ಅಡಿಗಿಮನಿ ನಳಾ ಬಿಡಿಸಿ ಉಳದದ್ದಕ್ಕ ಅಷ್ಟ ಹಾಕಸಿದ್ಲು.

ಈಗ ಆರಿಸೂ ಮಾತು. ಮೊದಲ ನೀರು ಪರೀಕ್ಷಾ ಮಾಡಸ್ರಿ: ಗಡಸುತನ, ಟಿಡಿಎಸ್, ಕಬ್ಬಿಣ, ಫ್ಲೋರೈಡ್. ಕುಡಿಯೂ ನೀರಿನ ಗಡಸುತನ 200ರೊಳಗ ಇರಬೇಕು, ಬ್ಯಾರೆ ನೀರಿಲ್ಲಂದ್ರ 600ರ ತನಕ ಅಂತ ನಮ್ಮ ದೇಶದ ಮಾನದಂಡ. 200ರ ಆಸುಪಾಸು ಇದ್ರ ಮಶೀನೇ ಬ್ಯಾಡ. ಕಬ್ಬಿಣ ಹೆಚ್ಚಿದ್ರ ಮೊದಲ ಅದರ ಫಿಲ್ಟರ್, ಇಲ್ಲಂದ್ರ ಹರಳು ಕೆಡ್ತಾವು. ಆಮ್ಯಾಲೆ ಗಾತ್ರ: ದಿನಕ್ಕ 600 ಲೀಟರ್, ಗಡಸುತನ 500 ಅಂದ್ರ 300 ಗ್ರಾಂ ತಗೀಬೇಕು. ಒಂದು ಲೀಟರ್ ಹರಳು ಸುಮಾರು 50 ಗ್ರಾಂ ಹಿಡೀತೈತಿ. 25 ಲೀಟರಿಂದು ನಾಕು ದಿನಕ್ಕ ಬಂತು. ಪ್ರತಿ ಸಲ ತೊಳ್ಯಾಕ ಮೂರು ಕಿಲೋದ ಆಸುಪಾಸು ಉಪ್ಪು. ಬರೇ ದಿನ ಎಣಿಸಿ ತೊಳಿಯೂದಕ್ಕಿಂತ, ಹರದ ನೀರು ಅಳದು ತೊಳಿಯೂ ಮೀಟರಿನ ವಾಲ್ವ್ ಇದ್ರ ಉಪ್ಪು ಉಳೀತೈತಿ.

ಕಡೀಕ ಒಂದು ಮಾತು, ಹಿತ್ತಲದ್ದು. ಆ ತೊಳದ ಉಪ್ಪುನೀರು ಗಿಡಕ್ಕ ಬಿಡಬ್ಯಾಡ್ರಿ, ಮೆತ್ತಗಿನ ನೀರೂ ದಿನಾ ಹಾಕಬ್ಯಾಡ್ರಿ. ಸೋಡಿಯಂ ಸೇರಿದ ಎರಿ ಮಣ್ಣು ಅಂಟಾಗಿ, ಒಣಗಿದ್ರ ಕಲ್ಲಾಗಿ, ನೀರ ಇಂಗದಂಗ ಆಗ್ತೈತಿ. ಥಾಂಪ್ಸನ್ ಕಂಡ ವಿನಿಮಯ ನಮ್ಮ ಕರಿಬೇವಿನ ಬುಡದಾಗೂ ನಡೀತೈತಿ, ಮರೀಬ್ಯಾಡ್ರಿ. ಹಿತ್ತಲಿಗೆ ಬೋರಿನ ನೀರ ಇರ್ಲಿ, ಅಡಿಗಿಗೆ ಮಳಿನೀರು ಇಲ್ಲಾ ನಳದ ನೀರು, ಬಚ್ಚಲಕ್ಕ, ಬಟ್ಟಿಗೆ ಸಾಫ್ಟನರ್. ಎರಡು ಬಾವಿ ಇಟಗೊಂಡಿದ್ದ ಅಜ್ಜಿಯರ ಲೆಕ್ಕಾನ ಇದು, ಈಗ ಪೈಪಿನಾಗ ಮಾಡೂದು ಅಷ್ಟ.