ತೋಟದ ನೆರಳಿಗೂ ಬಣ್ಣವುಂಟು

ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ಕಡೆ ಬೇಸಿಗೆಯ ನಡುಮಧ್ಯಾಹ್ನ ಅಡಿಕೆ ತೋಟಕ್ಕೆ ಇಳಿದವರಿಗೆ ಮೊದಲು ತಂಪು, ಆಮೇಲೆ ಒಂದು ಬಗೆಯ ಹಸಿರು ಮಬ್ಬು ಅನುಭವಕ್ಕೆ ಬರುತ್ತದೆ. ಮೇಲೆ ಅಡಿಕೆಯ ಸೋಗೆ, ಆ ಮರಕ್ಕೇ ಹಬ್ಬಿದ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ಕೆಳಗೆ ಏಲಕ್ಕಿ. 1801ರಲ್ಲಿ ಸೋಂದಾ, ಶಿರಸಿ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೂಡ ಅಡಿಕೆಯೊಡನೆ ಮೆಣಸು, ಏಲಕ್ಕಿ ಬೆಳೆಯುವ ತೋಟಗಳನ್ನು ಕಂಡು ಬರೆದಿದ್ದಾನೆ. ಆದರೆ ಈ ನೆರಳೆಂದರೆ ಬರಿಯ ಕಡಿಮೆ ಬೆಳಕೋ, ಅಥವಾ ಬೇರೆಯದೇ ಬೆಳಕೋ? ಇದಕ್ಕೆ ಉತ್ತರ ಸಿಗಲು ಮತ್ತೆ ನೂರೈವತ್ತು ವರ್ಷ ಬೇಕಾಯಿತು.

1882ರಲ್ಲಿ ಜರ್ಮನಿಯ ಥಿಯೋಡರ್ ಎಂಗೆಲ್ಮನ್ ಒಂದು ಸೊಗಸಾದ ಪ್ರಯೋಗ ಮಾಡಿದ. ಪಾಚಿಯ ಎಳೆಯೊಂದರ ಮೇಲೆ ಪಟ್ಟಕದಿಂದ ಕಾಮನಬಿಲ್ಲಿನ ಬಣ್ಣಗಳನ್ನು ಬೀಳಿಸಿ, ಸುತ್ತ ಆಮ್ಲಜನಕವನ್ನರಸಿ ಹೋಗುವ ಬ್ಯಾಕ್ಟೀರಿಯಗಳನ್ನು ಬಿಟ್ಟ. ಅವು ಕೆಂಪು ಮತ್ತು ನೀಲಿ ಬಿದ್ದ ಕಡೆ ಗುಂಪುಗೂಡಿದವು. ಎಲೆಯ ಅಡುಗೆ ಎಲ್ಲಿ ಜೋರಾಗಿ ನಡೆದಿದೆಯೆಂದು ಯಾವ ಮಾಪಕವೂ ಇಲ್ಲದೆ ತಿಳಿಯಿತು!

ಅದಕ್ಕೆ ಮೊದಲೇ ಅಮೆರಿಕದಲ್ಲಿ ನೀಲಿ ಗಾಜಿನ ಹುಚ್ಚು ಹಬ್ಬಿತ್ತು. ಫಿಲಡೆಲ್ಫಿಯದ ಆಗಸ್ಟಸ್ ಪ್ಲೆಸೆಂಟನ್ ಎಂಬಾತ ದ್ರಾಕ್ಷಿಯ ಗಾಜಿನ ಮನೆಗೆ ನಡುನಡುವೆ ನೀಲಿ ಗಾಜು ಹಾಕಿಸಿ, ಬಳ್ಳಿ ವಿಪರೀತ ಬೆಳೆಯಿತೆಂದು ಸಾರಿದ. 1876ರಲ್ಲಿ ನೀಲಿ ಕಾಗದದ ಮೇಲೆ ಪುಸ್ತಕವನ್ನೇ ಅಚ್ಚು ಹಾಕಿಸಿದ. ಜನ ಕಾಯಿಲೆ ವಾಸಿಗೂ ನೀಲಿ ಗಾಜು ಕೊಂಡರು. ಆದರೆ ನೀಲಿ ಗಾಜು ಬೆಳಕಿಗೆ ಏನನ್ನೂ ಸೇರಿಸುವುದಿಲ್ಲ, ಉಳಿದ ಬಣ್ಣಗಳನ್ನು ತಡೆಯುತ್ತದೆ, ಅಷ್ಟೆ.

ನಿಜವಾದ ತಿರುವು ಬಂದದ್ದು 1952ರಲ್ಲಿ. ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ಲೆಟ್ಯೂಸ್ ಸೊಪ್ಪಿನ ಒದ್ದೆ ಬೀಜಗಳಿಗೆ ಕೆಂಪು ಬೆಳಕು ತೋರಿದರು, ಮೊಳೆತವು. ಕೆಂಪಿನ ಹಿಂದೆಯೇ ಇನ್ನೂ ಆಚೆಯ, ಕಣ್ಣಿಗೆ ಕಂಡೂ ಕಾಣದ ಮಸುಕು ಕೆಂಪು ತೋರಿದರು, ಬಹುಪಾಲು ಮೊಳೆಯಲಿಲ್ಲ. ಈ ಎರಡನೆಯದನ್ನು ದೂರಗೆಂಪು ಎನ್ನೋಣ. ಎಷ್ಟು ಬಾರಿ ಅದಲುಬದಲು ಮಾಡಿದರೂ ಕೊನೆಗೆ ಬಿದ್ದ ಬೆಳಕಿನದೇ ತೀರ್ಪು. ಬೀಜದೊಳಗೆ ಗುಂಡಿಯಂತೆ ಕೆಲಸ ಮಾಡುವ ಆ ವರ್ಣದ್ರವ್ಯವನ್ನು 1959ರಲ್ಲಿ ಪತ್ತೆಹಚ್ಚಿದರು. ಅದರ ಹೆಸರು ಫೈಟೋಕ್ರೋಮ್.

ಈಗ ತೋಟಕ್ಕೆ ಮರಳೋಣ. ಎಲೆ ಕೆಂಪು, ನೀಲಿಗಳನ್ನು ಹೀರಿ ದೂರಗೆಂಪನ್ನು ಬಹುಮಟ್ಟಿಗೆ ಕೆಳಕ್ಕೆ ಬಿಡುತ್ತದೆ. ಬಯಲಿನಲ್ಲಿ ಕೆಂಪೂ ದೂರಗೆಂಪೂ ಹೆಚ್ಚುಕಡಿಮೆ ಸಮ. ಸೋಗೆಯಡಿ ದೂರಗೆಂಪಿನದೇ ಮೇಲುಗೈ. ಬಿಸಿಲು ಬಯಸುವ ಸಸಿ ಇದನ್ನರಿತು, ನೆರೆಯವನನ್ನು ಮೀರಲು ಸಣಕಲಾಗಿ ಉದ್ದಕ್ಕೆ ಚಾಚುತ್ತದೆ. ಕಾಡಿನ ನೆರಳಿನಲ್ಲೇ ಹುಟ್ಟಿ ಬೆಳೆದ ಏಲಕ್ಕಿಗೆ ಆ ಅವಸರವಿಲ್ಲ. ಅದನ್ನೇ ಆರಿಸಿ ಅಡಿಕೆಯ ಕೆಳಗೆ ನೆಟ್ಟ ಹಿರಿಯರಿಗೆ ಫೈಟೋಕ್ರೋಮಿನ ಹೆಸರು ಗೊತ್ತಿರಲಿಲ್ಲ, ಗಿಡದ ಸ್ವಭಾವ ಗೊತ್ತಿತ್ತು. ಇನ್ನು ಹಸಿರು ಬೆಳಕು ಪೂರಾ ವ್ಯರ್ಥವೆಂದು ಪಾಠದಲ್ಲಿ ಓದಿದ್ದರೆ ತಿದ್ದಿಕೊಳ್ಳಿ: 1972ರಲ್ಲಿ ಮೆಕ್‌ಕ್ರೀ ಹಲವು ಬೆಳೆಗಳ ಎಲೆಗಳನ್ನು ಅಳೆದು, ಹಸಿರೂ ಸಾಕಷ್ಟು ಬಳಕೆಯಾಗುತ್ತದೆಂದು ತೋರಿಸಿದ.

ಮಳೆಗಾಲದ ಗಾಳಿಗೆ ಮರವೊಂದು ಬಿದ್ದಾಗ ಆ ಜಾಗವನ್ನು ಎರಡು ವಾರ ಗಮನಿಸಿ. ನೆರಳಿನಲ್ಲಿ ಸುಮ್ಮನೆ ಬಿದ್ದಿದ್ದ ಕಳೆಬೀಜಗಳಲ್ಲಿ ಹಲವು, ಕೆಂಪು ತಾಗಿದ್ದೇ ತಡ, ಎದ್ದಿರುತ್ತವೆ.