ಅಂಗಡಿ ಆಮೆ, ಕೆರೆ ಆಮೆ

ಅರ್ಧ ನೀರು, ಅರ್ಧ ಕಲ್ಲು ಹಾಕಿ ಗಾಜಿನ ತೊಟ್ಟಿ ಮಾಡಿ, ಅದರಲ್ಲಿ ಆಮೆ ಸಾಕಬೇಕು ಅಂತಿದ್ದೀರಾ? ದುಡ್ಡು ಕೊಡೋಕೆ ಮುಂಚೆ ಐವತ್ತು ವರ್ಷದ ಈ ಕಥೆ ಕೇಳ್ರಿ. ಅಂಗಡಿಯಲ್ಲಿ ಯಾವ ಆಮೆ ಸಿಗುತ್ತೆ, ಯಾವುದು ಸಿಗಲ್ಲ ಅನ್ನೋದು ಸುಮ್ಮನೆ ಆಗಿದ್ದಲ್ಲ. 🐢

▪️ ಮೊದಲು ನಮ್ಮೂರಿನದು
ಬ್ರಿಟಿಷರ ಕಾಗದಪತ್ರಗಳಲ್ಲಿ ಕೆರೆಗೆ ಬರೆದಿದ್ದೇ 'ಟ್ಯಾಂಕ್' ಅಂತ. ಕೂಡ್ಲಿಗಿ, ಕೊಟ್ಟೂರು ಕಡೆ ಮಳೆ ಕಮ್ಮಿ, ಹಾಗಾಗಿ ಕೆರೆಗಳೇ ಆಸರೆ. ಈ ಕೆರೆಗಳಲ್ಲಿ ಬದುಕೋ ಆಮೆಯ ಹೆಸರು ಫ್ಲಾಪ್‌ಶೆಲ್. ಹಿಂಗಾಲು ಒಳಗೆ ಎಳ್ಕೊಂಡ್ರೆ ಹೊಟ್ಟೆ ಕಡೆಯ ಚರ್ಮದ ಮುಚ್ಚಳ ಬಂದು ಮುಚ್ಚುತ್ತೆ, ಅದಕ್ಕೇ ಆ ಹೆಸರು. ಬೇಸಿಗೇಲಿ ಕೆರೆ ಬತ್ತಿದರೆ ಕೆಸರೊಳಗೆ ಹೂತುಕೊಂಡು ಮಳೆಗೆ ಕಾಯುತ್ತೆ. ಬಸವನಹುಳು, ಕಪ್ಪೆ, ಸತ್ತ ಮೀನು ಎಲ್ಲಾ ತಿಂದು ನೀರು ಸ್ವಚ್ಛ ಇಡುತ್ತೆ.

▪️ 1972
ಆ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಫ್ಲಾಪ್‌ಶೆಲ್ ಇವತ್ತು ಆ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಅಂದ್ರೆ ಹುಲಿ ಇರೋ ಪಟ್ಟಿಯಲ್ಲೇ. ಕೆರೆಯಿಂದ ಹಿಡಿದು ತಂದು ಸಾಕಿದರೆ ಕನಿಷ್ಠ 3 ವರ್ಷ ಜೈಲು. 2022ರ ತಿದ್ದುಪಡಿ ಆದಮೇಲೆ ದಂಡವೂ ಕನಿಷ್ಠ 25,000 ರೂಪಾಯಿ. ನಕ್ಷತ್ರ ಆಮೆಯೂ ಅದೇ ಪಟ್ಟಿಯಲ್ಲಿದೆ. ಅದಂತೂ ಒಣನೆಲದ ಪ್ರಾಣಿ, ನೀರಿನ ತೊಟ್ಟಿಗೆ ಹೊಂದೋದೇ ಇಲ್ಲ. ಹಾಗಾದ್ರೆ ಅಂಗಡಿಯವರು ಮಾರೋದು ಯಾವುದನ್ನ?

▪️ 1975
ಉತ್ತರ ಅಮೆರಿಕದಲ್ಲಿದೆ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರೋ ರೆಡ್ ಇಯರ್ಡ್ ಸ್ಲೈಡರ್ ಮಿಸಿಸಿಪಿ ನದಿ ಸೀಮೆಯ ಆಮೆ. ಅಲ್ಲಿ ಇದನ್ನ ಫಾರ್ಮ್‌ಗಳಲ್ಲಿ ಬೆಳೆಸಿ ಮಾರುತ್ತಿದ್ದರು. ಮಕ್ಕಳು ಮರಿಗಳನ್ನ ಬಾಯಿಗೆ ಹಾಕ್ಕೊಂಡು ಸಾಲ್ಮೊನೆಲ್ಲಾ ರೋಗ ಹರಡಿತು. 1975ರಲ್ಲಿ ಅಮೆರಿಕ ಸರ್ಕಾರ 4 ಇಂಚಿಗಿಂತ ಚಿಕ್ಕ ಆಮೆ ಮಾರೋದನ್ನೇ ನಿಷೇಧಿಸಿತು. ಆದರೆ ರಫ್ತಿಗೆ ಅಡ್ಡಿ ಇರಲಿಲ್ಲ. ತಮ್ಮ ಮಕ್ಕಳಿಗೆ ಬೇಡವಾದ ಸರಕು ಬೇರೆ ದೇಶದ ಮಕ್ಕಳ ಕೈಗೆ ಹೋಯ್ತು. 1989ರಿಂದ 1997ರೊಳಗೆ ಹೊರಗೆ ಹೋದ ಮರಿಗಳು ಸುಮಾರು 5.2 ಕೋಟಿ! ಅದೇ ಹೊತ್ತಿಗೆ ನಿಂಜಾ ಟರ್ಟಲ್ಸ್ ಕಾರ್ಟೂನೂ ಹುಚ್ಚು ಹಿಡಿಸಿತ್ತು. 1997ರಲ್ಲಿ ಯುರೋಪಿಯನ್ ಒಕ್ಕೂಟ ಇದರ ಆಮದು ನಿಲ್ಲಿಸಿತು. ನಮ್ಮಲ್ಲಿ ಮಾತ್ರ 'ಅದೃಷ್ಟದ ಆಮೆ' ಅಂತ ಹೆಸರಿಟ್ಟು ಮಾರ್ತಾನೇ ಇದ್ದಾರೆ.

▪️ ಈಗ ಲೆಕ್ಕಕ್ಕೆ ಬರೋಣ (ಬಿಕಾಂ ಓದೋರ ಚಾಳಿ, ಸಹಿಸ್ಕೊಳ್ರಿ)
ಕೊಳ್ಳೋ ಬೆಲೆ ಬೇರೆ, ಇಟ್ಕೊಳ್ಳೋ ಖರ್ಚು ಬೇರೆ. ತರುವಾಗ ಮರಿ ನಾಣ್ಯದಷ್ಟು. ಬೆಳೆದ ಹೆಣ್ಣು 10 ಇಂಚು ದಾಟಬಹುದು. ಚಿಪ್ಪಿನ ಒಂದು ಇಂಚಿಗೆ ಹತ್ತಿರ ಹತ್ತಿರ 40 ಲೀಟರ್ ನೀರು ಬೇಕು ಅನ್ನೋದು ಸಾಕೋರ ಲೆಕ್ಕ. 10 ಇಂಚಿಗೆ 400 ಲೀಟರ್, ಅಂದ್ರೆ ಎರಡು ದೊಡ್ಡ ಡ್ರಮ್ಮು. ನೀರಿನ ತೂಕವೇ 4 ಕ್ವಿಂಟಲ್! ಜೊತೆಗೆ ಫಿಲ್ಟರ್, ಯುವಿಬಿ ದೀಪ, ಮೈ ಕಾಯಿಸೋಕೆ ಒಣ ಕಲ್ಲು. ಆಯಸ್ಸು 30 ವರ್ಷ. ನಿಮಗೀಗ ಇಪ್ಪತ್ತಾದ್ರೆ, ನಿಮಗೆ ಐವತ್ತಾಗೋವರೆಗೂ ವಾರ ವಾರ ನೀರು ಬದಲಿಸಬೇಕು. ಮಧ್ಯದಲ್ಲಿ ಕೆಲಸ, ಮದುವೆ, ಬೆಂಗಳೂರು. ಆಗ ಆಮೆ ಯಾರ ಪಾಲಿಗೆ?

▪️ ಬಹಳ ಮಂದಿ ಮಾಡೋದು ಒಂದೇ: 'ಪಾಪ, ಬದುಕ್ಕೊಳ್ಳಲಿ' ಅಂತ ಕೆರೆಗೆ ಬಿಡೋದು.
ಪುಣ್ಯ ಅಂದ್ಕೊಂಡು ಮಾಡೋ ಅನ್ಯಾಯ ಇದು. ಗುವಾಹಟಿಯ ಉಗ್ರತಾರಾ ದೇವಸ್ಥಾನದ ಕೊಳದಲ್ಲಿ, ಕೇರಳದ ತ್ರಿಶೂರಿನ ಕಾಲುವೆಯಲ್ಲಿ ಸ್ಲೈಡರ್ ಆಗಲೇ ಸಿಕ್ಕಿದೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೂ ಇದೆ. ಊರಿನ ಆಮೆಯ ಮೇವು, ಬಿಸಿಲು ಕಾಯೋ ಜಾಗ ಎಲ್ಲಾ ಕಸ್ಕೊಳ್ಳುತ್ತೆ, ರೋಗವನ್ನೂ ತರಬಹುದು.

ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಊರವರು ನೀರಾವರಿಗೆ ಅಂತ ಕಟ್ಟಿದ ಕೆರೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯ್ತು, 2024ರ ಜನವರಿಯಲ್ಲಿ ರಾಮ್ಸಾರ್ ತಾಣ. ಮಾಲವಿ ಜಲಾಶಯ ಇದೆ, ಹಡಗಲಿ, ಹರಪನಹಳ್ಳಿ ಅಂಚಿಗೆ ತುಂಗಭದ್ರೆ ಇದ್ದಾಳೆ. ಒಂದು ಬಕೆಟ್ ಸಾಕು ಇಲ್ಲೆಲ್ಲಾ ಸ್ಲೈಡರ್ ಹೋಗೋಕೆ.

▪️ ಹಾಗಾದ್ರೆ ಯಾವುದು ಸರಿ?
30 ವರ್ಷ, 400 ಲೀಟರ್ ನಿಮ್ಮಿಂದ ಆಗಲ್ಲ ಅಂದ್ರೆ, ಯಾವುದೂ ಅಲ್ಲ. ತೊಟ್ಟಿ ಇದ್ದರೆ ಮೀನು ಬಿಡ್ರಿ. ಈಗಾಗಲೇ ಸ್ಲೈಡರ್ ಇದ್ದರೆ ದೊಡ್ಡ ತೊಟ್ಟಿಗೆ ಹಾಕ್ರಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ, ಆಗಲ್ಲ ಅಂದ್ರೆ ಸಾಕೋಕೆ ಗೊತ್ತಿರೋರಿಗೆ ಕೊಡ್ರಿ. ಕೆರೆಗೆ ಮಾತ್ರ ಬೇಡ. ಆಮೆ ನೋಡೋ ಆಸೆ ಇದ್ದರೆ ಮಳೆ ಬಂದು ಕೆರೆ ತುಂಬಿದ ಮೇಲೆ ಬೆಳಗ್ಗೆ ಏರಿ ಮೇಲೆ ಸುಮ್ಮನೆ ಕೂತ್ಕೊಳ್ರಿ, ನೀರಂಚಿನ ಕಲ್ಲುಗಳ ಮೇಲೆ ಕಣ್ಣಿಡ್ರಿ.

ತೊಟ್ಟಿ ತಗೊಳ್ಳೋ ಯೋಚನೆಯಲ್ಲಿರೋ ಗೆಳೆಯರಿಗೆ ಇದನ್ನ ಕಳಿಸ್ರಿ. 🙏

#ಕೂಡ್ಲಿಗಿ #ಕೊಟ್ಟೂರು #ಹಗರಿಬೊಮ್ಮನಹಳ್ಳಿ #ಹಡಗಲಿ #ಹರಪನಹಳ್ಳಿ #ನಮ್ಮಕೆರೆ