ಶಿವಯೋಗ: ಅಂಗೈಯ ಲಿಂಗ, ನಾಲಗೆಯ ಮಂತ್ರ

ಶಿವಯೋಗವು ವೀರಶೈವ-ಲಿಂಗಾಯತ ಪರಂಪರೆಯ ಧ್ಯಾನಪದ್ಧತಿ. ಅಂಗೈಯಲ್ಲಿ ಹಿಡಿದ ಇಷ್ಟಲಿಂಗದ ಮೇಲೆ ದೃಷ್ಟಿ ನಿಲ್ಲಿಸುವುದು ಮತ್ತು ಶಿವಮಂತ್ರದ ಜಪ ಇದರ ಎರಡು ಮುಖ್ಯ ಅಂಗಗಳು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ, ತ್ಯಾವಣಿಗೆಯಂಥ ಭದ್ರಾ ನಾಲೆಯ ಊರುಗಳಲ್ಲಿ, ಇದನ್ನು ಯೋಗವೆಂದು ಕರೆಯುವವರು ಕಡಿಮೆ. ಮನೆಮಾತಿನಲ್ಲಿ ಇದು ಬರೀ ‘ಲಿಂಗಪೂಜೆ’.

ಮಿಂದು, ವಿಭೂತಿ ಧರಿಸಿ, ಮಣೆಯ ಮೇಲೆ ಕೂತವರು ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಳ್ಳುತ್ತಾರೆ. ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಊದುಬತ್ತಿ ಬೆಳಗುವುದು ಮೊದಲ ಭಾಗ. ಅವಸರದ ದಿನಗಳಲ್ಲಿ ಪೂಜೆ ಅಲ್ಲಿಗೇ ಮುಗಿಯುತ್ತದೆ; ಆದರೆ ಶಿವಯೋಗ ಶುರುವಾಗುವುದೇ ಆಮೇಲೆ. ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಲಿಂಗದ ಕಪ್ಪು ಮೈಮೇಲೆ ದೀಪದ ಬೆಳಕು ಒಂದು ಚುಕ್ಕೆಯಾಗಿ ಮೂಡುವಂತೆ ಕೂತು, ಆ ಚುಕ್ಕೆಯನ್ನೇ ರೆಪ್ಪೆ ಬಡಿಯದೆ ನೋಡಬೇಕು. ಮೊದಮೊದಲು ಕಣ್ಣಲ್ಲಿ ನೀರು ಬರುತ್ತದೆ, ತೋಳು ಸೋಲುತ್ತದೆ. ಹಠಯೋಗದ ಗ್ರಂಥಗಳು ಇಂಥ ನೋಟವನ್ನು ತ್ರಾಟಕವೆಂದು ಕರೆದು ದೇಹಶುದ್ಧಿಯ ಷಟ್ಕರ್ಮಗಳಲ್ಲಿ ಸೇರಿಸುತ್ತವೆ. ಇಲ್ಲಿ ಅದೇ ಧ್ಯಾನದ ತಿರುಳು.

ಪತಂಜಲಿಯ ಅಷ್ಟಾಂಗದಲ್ಲಿ ಯಮ, ನಿಯಮ, ಆಸನ, ಪ್ರಾಣಾಯಾಮಗಳನ್ನು ದಾಟಿ ಧ್ಯಾನಕ್ಕೆ ಬರುವ ಕ್ರಮವಿದೆ. ಶಿವಯೋಗದಲ್ಲಿ ಧ್ಯಾನದ ವಸ್ತು ದೀಕ್ಷೆಯ ದಿನವೇ ಕೈಗೆ ಬರುತ್ತದೆ. ಹೆಣ್ಣು-ಗಂಡೆಂಬ ಭೇದವಿಲ್ಲ, ಮನೆ-ಮಕ್ಕಳನ್ನು ಬಿಟ್ಟು ಕಾಡಿಗೆ ಹೋಗಬೇಕಾಗಿಲ್ಲ. ಗೇಯುವ ಕೈಗೇ ಧ್ಯಾನವನ್ನು ಒಪ್ಪಿಸಿದ್ದು 12ನೇ ಶತಮಾನದ ಶರಣರ ಬಹು ದೊಡ್ಡ ಕೊಡುಗೆ.

ರೆಪ್ಪೆ ಬಡಿಯದ ಈ ನೋಟದ ಕತೆ ಹೊನ್ನಾಳಿಗೆ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯದು. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ, ಆ ಶರಣರಲ್ಲೊಬ್ಬನಾದ ಅಲ್ಲಮ ಮದ್ದಳೆಗಾರ. ಪ್ರೀತಿಸಿದ ಕಾಮಲತೆ ತೀರಿಕೊಂಡ ಮೇಲೆ ಹುಚ್ಚನಂತೆ ಅಲೆಯುತ್ತಾನೆ. ಒಂದೆಡೆ ಕೂತು ಕಾಲಿನ ಉಗುರಿನಿಂದ ನೆಲ ಕೆದಕುತ್ತಿದ್ದಾಗ ಕಳಶವೊಂದು ಕಾಣುತ್ತದೆ. ಅಗೆಸಿದರೆ ಗುಡಿ, ಒಳಗೆ ಅಂಗೈಯ ಲಿಂಗದಲ್ಲೇ ಕಣ್ಣು ನೆಟ್ಟು ಕೂತ ಯೋಗಿ. ಅವನ ಹೆಸರೇ ಅನಿಮಿಷ, ರೆಪ್ಪೆ ಬಡಿಯದವನು. ಆ ಕೈಯಿಂದ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷನ ಪ್ರಾಣ ಹೋಗುತ್ತದೆ. ಇಡೀ ಕತೆಯಲ್ಲಿ ಗುರು ಒಂದು ಮಾತನ್ನೂ ಆಡುವುದಿಲ್ಲವೆಂಬುದನ್ನು ಗಮನಿಸಬೇಕು.

ಜಪದ ಮಂತ್ರ ಪಂಚಾಕ್ಷರಿ, ‘ನಮಃ ಶಿವಾಯ’. ಇದರ ಮೂಲ ಕೃಷ್ಣ ಯಜುರ್ವೇದದ ಶ್ರೀರುದ್ರದಲ್ಲಿದೆ. ಓಂಕಾರ ಸೇರಿದರೆ ಷಡಕ್ಷರಿ. ಆರು ಅಕ್ಷರಗಳನ್ನು ಸಾಧನೆಯ ಆರು ಹಂತಗಳಾದ ಷಟ್‌ಸ್ಥಲಕ್ಕೆ ಹೊಂದಿಸುವುದುಂಟು: ನಕಾರ ಭಕ್ತಸ್ಥಲಕ್ಕೆ, ಮಕಾರ ಮಹೇಶಕ್ಕೆ, ಶಿಕಾರ ಪ್ರಸಾದಿಗೆ, ವಕಾರ ಪ್ರಾಣಲಿಂಗಿಗೆ, ಯಕಾರ ಶರಣಕ್ಕೆ, ಓಂಕಾರ ಐಕ್ಯಕ್ಕೆ. ಗಟ್ಟಿಯಾಗಿ ಹೇಳುವುದು ವಾಚಿಕ ಜಪ, ತುಟಿ ಮಾತ್ರ ಆಡುವುದು ಉಪಾಂಶು, ಅದೂ ನಿಂತು ಮನಸ್ಸೇ ಹೇಳಿಕೊಳ್ಳುವುದು ಮಾನಸ. ಶಾಸ್ತ್ರಗಳು ಮಾನಸಕ್ಕೇ ಹೆಚ್ಚಿನ ಬೆಲೆ ಕೊಟ್ಟಿವೆ.

ಊರಿನ ಜನ ಮಾತ್ರ ವಾಚಿಕವನ್ನು ಬಿಟ್ಟುಕೊಟ್ಟಿಲ್ಲ. ನಿಜಗುಣ ಶಿವಯೋಗಿಗಳ ‘ಕೈವಲ್ಯ ಪದ್ಧತಿ’ಯ ಹಾಡುಗಳು, ಶಿಶುನಾಳ ಶರೀಫರ (1819–1889) ತತ್ವಪದಗಳು ಭಜನೆ ಮೇಳಗಳ ಬಾಯಲ್ಲಿ ಇಂದಿಗೂ ಇವೆ. ಧ್ಯಾನವನ್ನೂ ಹಾಡನ್ನೂ ಒಟ್ಟಿಗೆ ಪೋಷಿಸಿದವರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ (1867–1930) ಹೆಸರನ್ನು ಮೊದಲು ಹೇಳಬೇಕು. 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರ ಕಟ್ಟಿ, ಮಠಗಳಿಗೆ ಬರುವ ಸಾಧಕರಿಗೆ ಶಿವಯೋಗದ ಶಿಕ್ಷಣ ಕೊಡಿಸಿದರು. ಹುಟ್ಟುಕುರುಡನಾದ ಗದಿಗೆಯ್ಯನೆಂಬ ಹುಡುಗನಿಗೆ ಸಂಗೀತ ಕಲಿಯಲು ಏರ್ಪಾಡು ಮಾಡಿದವರೂ ಅವರೇ. ಆ ಹುಡುಗನೇ ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿ (1892–1944). ಜಪಿಸುವ ಮಂತ್ರವೇ ಗಾಯಕನ ಹೆಸರಾಯಿತು.

ದಾವಣಗೆರೆ ಸೀಮೆಯ ನಾಮಸ್ಮರಣೆ ಲಿಂಗವಂತರದಷ್ಟೇ ಅಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರಿಗೆ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿ ನಡುವಿನ ಜಯಂತಿಗೆ ಮಾಲೆ ಧರಿಸಿದವರು ನಡೆದು ಬರುತ್ತಾರೆ. ಭಜನೆ ಅವರದೇ ಮಾತಿನಲ್ಲಿ, ನಗಾರಿಯ ಪೆಟ್ಟಿಗೆ ನಡೆಯುತ್ತದೆ.

ಶ್ರಾವಣದಲ್ಲಿ ನಡೆಯುವ ಸಪ್ತಭಜನೆ ಏಳು ಹಗಲು, ಏಳು ರಾತ್ರಿಯ ಅಖಂಡ ನಾಮಜಪ. ಗುಡಿಯಲ್ಲಿ ಹಚ್ಚಿಟ್ಟ ದೀಪ ಆರಬಾರದು, ಬಾಯಿಂದ ಮಂತ್ರ ತಪ್ಪಬಾರದು. ಓಣಿಯವರು ಪಾಳಿ ಹಂಚಿಕೊಳ್ಳುತ್ತಾರೆ. ನಡುರಾತ್ರಿಯ ಪಾಳಿಯವರು ಕಂಬಳಿ ಹೊದ್ದು ಬಂದು, ಮೊದಲಿನವರ ಕೈಯ ತಾಳವನ್ನು ಲಯ ಕೆಡದಂತೆ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ತಾಳ ಕೊಟ್ಟವರು ಹೊರಗಿನ ಕಟ್ಟೆಗೆ ಬಂದು ಕೂರುತ್ತಾರೆ. ದನಿ ನಿಂತಿರುತ್ತದೆ, ತುಟಿ ಇನ್ನೂ ಆಡುತ್ತಿರುತ್ತದೆ.